ಜೀನ್ ಆರ್ಥರ್ ದನಿ ಯಾಕೆ ಹಾಗಿದೆ?

ನಮಸ್ಕಾರ ಮೇಡಂ,

ಶಿವಮೊಗ್ಗದಿಂದ ನೀವು ಬರೆದ ಕಾಗದ ತಲುಪಿತು. ಉಳಿದ ಓದುಗರಿಗಾಗಿ ಅದರಲ್ಲಿ ಏನಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ಹಾಲಿವುಡ್‌ನ ಹಳೆಯ ರೊಮ್ಯಾಂಟಿಕ್ ಕಾಮಿಡಿಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆಯುತ್ತಾ, ನನಗೆ ಎಲ್ಲರಿಗಿಂತ ಇಷ್ಟವಾದ ನಟಿ ಜೀನ್ ಆರ್ಥರ್ ಎಂದಿದ್ದೆ. ನೀವು ಮಗಳ ಲ್ಯಾಪ್‌ಟಾಪಿನಲ್ಲಿ 'ದಿ ಮೋರ್ ದಿ ಮೆರಿಯರ್' ನೋಡಿದಿರಿ. ಚೆನ್ನಾಗಿ ನಕ್ಕಿರಿ. ಆಮೇಲೆ ಹೀಗೆ ಬರೆದಿರಿ: "ಚಿತ್ರ ಒಪ್ಪಿದೆ. ಆದರೆ ಆಕೆಯ ದನಿ ನೆಗಡಿಯಾದವರ ಹಾಗಿದೆ. ರೂಪವೂ ಅಷ್ಟಕ್ಕಷ್ಟೇ. ಕ್ಯಾಥರೀನ್ ಹೆಪ್ಬರ್ನ್, ಕ್ಲಾಡೆಟ್ ಕೋಲ್ಬೇರ್ ಇರುವಾಗ ಈಕೆಗೆ ಯಾಕೆ ಮೊದಲ ಮಣೆ? ಅಷ್ಟು ದೊಡ್ಡ ನಟಿಯಾದರೆ ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ? ಇನ್ನೊಂದು ಚಿತ್ರ ನೋಡುವುದಾದರೆ ಯಾವುದು ನೋಡಲಿ?"

ದನಿಯಿಂದಲೇ ಶುರು ಮಾಡುತ್ತೇನೆ. ನನ್ನ ಮೆಚ್ಚುಗೆಯ ಬೇರು ಇರುವುದೇ ಅಲ್ಲಿ.

ಆ ದನಿ ಒರಟು, ನಿಜ. ಮೇಲೆ ಹೋಗುವಾಗ ಒಡೆಯುತ್ತದೆ. ಕೆಲವು ಸಲ ಮಾತು ಅರ್ಧಕ್ಕೆ ಬಂದಾಗ ಕೀರಲಾಗಿಬಿಡುತ್ತದೆ. ನಾಯಕಿ ಎಂದರೆ ಕೋಗಿಲೆ ಕಂಠ ಇರಬೇಕು ಎಂದು ಕೇಳಿ ಬೆಳೆದ ನಮಗೆ ಮೊದಲ ಸಲಕ್ಕೆ ಇರಿಸುಮುರಿಸಾಗುವುದು ಸಹಜ. ಆದರೆ ಅದು ಒಡೆಯುವುದು ಯಾವಾಗ ಎಂದು ಗಮನಿಸಿ. ಜೀನ್ ಆರ್ಥರ್ ಮಾಡಿದ ಹುಡುಗಿಯರೆಲ್ಲ ಜಾಣೆಯರು, ದುಡಿದು ತಿನ್ನುವವರು, ಯಾರಿಗೂ ಸುಲಭಕ್ಕೆ ಮರುಳಾಗದವರು. ಬಾಯಲ್ಲಿ ಖಡಕ್ ಮಾತು. ಆ ಮಾತಿನ ನಡುವೆ ಮನಸ್ಸು ಜಾರಿದ ಕ್ಷಣದಲ್ಲೇ ದನಿ ಬಿರುಕು ಬಿಡುತ್ತದೆ. ಅವಳಿಗೇ ಇನ್ನೂ ಗೊತ್ತಾಗದ ಗುಟ್ಟು ನಮಗೆ ಗೊತ್ತಾಗಿಬಿಡುತ್ತದೆ. ರೊಮ್ಯಾಂಟಿಕ್ ಕಾಮಿಡಿಗೆ ಇದಕ್ಕಿಂತ ದೊಡ್ಡ ಆಸ್ತಿ ಬೇಕಾ?

ನೀವು ನೋಡಿದ ಚಿತ್ರವನ್ನೇ ತೆಗೆದುಕೊಳ್ಳಿ. 1943ರದ್ದು, ಜಾರ್ಜ್ ಸ್ಟೀವನ್ಸ್ ನಿರ್ದೇಶನ. ಎರಡನೇ ಮಹಾಯುದ್ಧದ ಕಾಲದ ವಾಷಿಂಗ್ಟನ್. ಊರಲ್ಲಿ ಬಾಡಿಗೆ ಮನೆಯೇ ಸಿಗುವುದಿಲ್ಲ. ಕೋನಿ ಮಿಲಿಗನ್ ತನ್ನ ಮನೆಯ ಅರ್ಧವನ್ನು ಬಾಡಿಗೆಗೆ ಕೊಡುತ್ತಾಳೆ. ಡಿಂಗಲ್ ಎಂಬ ಮುದುಕ, ಅಂದರೆ ಚಾರ್ಲ್ಸ್ ಕೋಬರ್ನ್, ಹೇಗೋ ಒಳಗೆ ನುಗ್ಗಿ, ತನ್ನ ಪಾಲಿನ ಅರ್ಧದಲ್ಲಿ ಅರ್ಧವನ್ನು ಜೋ ಎಂಬ ಸೈನಿಕನಿಗೆ ಕೊಟ್ಟುಬಿಡುತ್ತಾನೆ. ಜೋ ಪಾತ್ರದಲ್ಲಿ ಜೋಯೆಲ್ ಮ್ಯಾಕ್‌ಕ್ರೀ. ಬೆಳಿಗ್ಗೆ ಯಾರು ಎಷ್ಟು ಹೊತ್ತಿಗೆ ಬಚ್ಚಲಿಗೆ ಹೋಗಬೇಕು, ಯಾರು ಯಾವಾಗ ಕಾಫಿ ಮಾಡಬೇಕು ಎಂದು ಕೋನಿ ನಿಮಿಷ ನಿಮಿಷಕ್ಕೂ ವೇಳಾಪಟ್ಟಿ ಹಾಕಿಟ್ಟವಳು. ಮದುವೆಯೂ ಪೆಂಡರ್‌ಗಾಸ್ಟ್ ಎಂಬ ಸರ್ಕಾರಿ ಅಧಿಕಾರಿಯ ಜೊತೆ ಗೊತ್ತಾಗಿದೆ. ಅವಳ ಬದುಕಿನಲ್ಲಿ ಎಲ್ಲದಕ್ಕೂ ಒಂದು ಸಮಯ, ಒಂದು ಲೆಕ್ಕ.

ಈಗ ಮನೆಯ ಮುಂದಿನ ಮೆಟ್ಟಿಲುಗಳ ದೃಶ್ಯವನ್ನು ಇನ್ನೊಮ್ಮೆ ನೋಡಿ. ರಾತ್ರಿ ಇಬ್ಬರೂ ನಡೆದು ಬರುತ್ತಿದ್ದಾರೆ. ಜೋನ ಕೈ ಅವಳ ಹೆಗಲಿಗೆ ಬರುತ್ತದೆ, ಅವಳು ಸರಿಸುತ್ತಾಳೆ. ಸೊಂಟಕ್ಕೆ ಬರುತ್ತದೆ, ಮತ್ತೆ ಸರಿಸುತ್ತಾಳೆ. ಮೆಟ್ಟಿಲ ಮೇಲೆ ಕೂರುತ್ತಾರೆ. ಅವಳು ಪೆಂಡರ್‌ಗಾಸ್ಟ್ ಎಂಥ ಒಳ್ಳೆಯ ವರ, ಎಷ್ಟು ತಿಳಿದವನು ಎಂದು ಹೇಳುತ್ತಲೇ ಇದ್ದಾಳೆ. ಜೋ ಅವಳ ಕೊರಳ ಹತ್ತಿರ ಬಾಗಿದ್ದಾನೆ. ಮಾತು ನಿಲ್ಲುವುದಿಲ್ಲ. ಆದರೆ ಪದಗಳ ನಡುವೆ ಉಸಿರು ಸಿಕ್ಕಿಕೊಳ್ಳುತ್ತದೆ, ದನಿ ತೊದಲುತ್ತದೆ, ವಾಕ್ಯ ಎಲ್ಲಿಗೆ ಹೋಗಬೇಕಿತ್ತು ಎಂಬುದೇ ಅವಳಿಗೆ ಮರೆತುಹೋಗುತ್ತದೆ. ಅವನು ಮುತ್ತು ಕೊಡುತ್ತಾನೆ. ಆಮೇಲೆ ಅವಳೇ ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಮುತ್ತು ಕೊಡುತ್ತಾಳೆ. ಎದ್ದು ನಿಂತು ಶಿಸ್ತಾಗಿ ಗುಡ್ ನೈಟ್ ಹೇಳುತ್ತಾಳೆ. ಅವನೂ ಹೇಳಿ ಹೊರಟೇಬಿಡುತ್ತಾನೆ, ತಾನಿರುವುದೂ ಅದೇ ಮನೆಯಲ್ಲಿ ಎನ್ನುವುದನ್ನು ಮರೆತು! ಇಡೀ ದೃಶ್ಯದಲ್ಲಿ ಒಂದು ಕೀಳು ಮಾತಿಲ್ಲ. ಪ್ರೀತಿಯ ಘೋಷಣೆಯೂ ಇಲ್ಲ. ಬೇರೊಬ್ಬನನ್ನು ಹೊಗಳುವ ಮಾತಿನಲ್ಲೇ ಪ್ರೇಮ ಹುಟ್ಟುವುದನ್ನು ಕೇಳಿಸುತ್ತಾಳೆ. ನಾನು ನೋಡಿದ ಪ್ರೇಮದೃಶ್ಯಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಅದಾದ ಮೇಲೆ ಗೋಡೆಯ ದೃಶ್ಯ ಬರುತ್ತದೆ. ಆಗ ಹಾಲಿವುಡ್‌ನಲ್ಲಿ ನಿರ್ಮಾಣ ಸಂಹಿತೆಯ, ಅಂದರೆ ತೆರೆಯ ಮೇಲೆ ಏನು ತೋರಿಸಬಹುದು, ಏನು ತೋರಿಸಬಾರದು ಎಂಬ ನಿಯಮಗಳ, ಕಟ್ಟುಪಾಡು ಬಿಗಿಯಾಗಿತ್ತು. 1934ರಿಂದ ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿದ್ದರು. ಮದುವೆಯಾಗದ ಗಂಡು ಹೆಣ್ಣನ್ನು ಒಂದೇ ಹಾಸಿಗೆಯಲ್ಲಿ ತೋರಿಸುವ ಹಾಗಿಲ್ಲ. ಸ್ಟೀವನ್ಸ್ ಎರಡು ಕೋಣೆ, ಎರಡು ಮಂಚ, ನಡುವೆ ತೆಳುವಾದ ಗೋಡೆ ಇಟ್ಟು, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಿದರು. ಕತ್ತಲಲ್ಲಿ ಮುಖಕ್ಕಿಂತ ದನಿಗೇ ಕೆಲಸ ಜಾಸ್ತಿ. ನಿಮಗೆ ನೆಗಡಿ ಎನಿಸಿದ ಆ ದನಿಯನ್ನು ಅಲ್ಲಿ ಕಣ್ಣು ಮುಚ್ಚಿಕೊಂಡು ಕೇಳಿ ನೋಡಿ, ಮೇಡಂ.

ಈ ಚಿತ್ರಕ್ಕೆ ಜೀನ್ ಆರ್ಥರ್ ಆಸ್ಕರ್ ನಾಮನಿರ್ದೇಶನ ಪಡೆದರು. ಇಡೀ ಬದುಕಿನಲ್ಲಿ ಅದೊಂದೇ ಸಲ. ಆ ವರ್ಷದ ಪ್ರಶಸ್ತಿ ಜೆನಿಫರ್ ಜೋನ್ಸ್‌ಗೆ ಹೋಯಿತು. ಕೋಬರ್ನ್‌ಗೆ ಪೋಷಕ ನಟ ಪ್ರಶಸ್ತಿ ಬಂತು. ಮುದುಕನ ತುಂಟಾಟಕ್ಕೆ ಬಹುಮಾನ ಬಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಆ ತುಂಟಾಟ ನಗು ತರಿಸುವುದು ಎದುರಿಗೆ ಕೋನಿಯ ಗಾಬರಿ ಇರುವುದರಿಂದ.

ಇನ್ನು ಆಕೆಯ ಹಾದಿ. ಹುಟ್ಟಿದ್ದು 1900ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್ ಊರಲ್ಲಿ. ನಿಜವಾದ ಹೆಸರು ಗ್ಲ್ಯಾಡಿಸ್ ಜಾರ್ಜಿಯಾನಾ ಗ್ರೀನ್. ಸಿನಿಮಾಕ್ಕೆ ಬಂದದ್ದು 1923ರಲ್ಲಿ, ಮೂಕಿ ಚಿತ್ರಗಳ ಕಾಲಕ್ಕೆ. ಯೋಚಿಸಿ, ಆಕೆಯ ಅತಿ ದೊಡ್ಡ ಬಂಡವಾಳ ವರ್ಷಗಟ್ಟಲೆ ಯಾರ ಕಿವಿಗೂ ಬೀಳಲಿಲ್ಲ. ಕೌಬಾಯ್ ಚಿತ್ರಗಳಲ್ಲಿ ಸುಮ್ನೆ ನಿಂತು ನಗುವ ಹುಡುಗಿಯ ಪಾತ್ರಗಳು. ಟಾಕಿ ಬಂದ ಮೇಲೂ ಪ್ಯಾರಾಮೌಂಟ್ ಸ್ಟುಡಿಯೋದವರಿಗೆ ಆಕೆಯಿಂದ ಏನು ಮಾಡಿಸಬೇಕು ಎಂದು ತಿಳಿಯಲಿಲ್ಲ. ಆಕೆ ನ್ಯೂಯಾರ್ಕಿಗೆ ಹೋಗಿ ನಾಟಕಗಳಲ್ಲಿ ಅಭಿನಯಿಸಿದರು. ನಟನೆ ಕಲಿತದ್ದು ಅಲ್ಲೇ ಎನ್ನಬೇಕು. ಕೊಲಂಬಿಯಾ ಸ್ಟುಡಿಯೋ ಕರೆದಾಗ ವಯಸ್ಸು ಮೂವತ್ತು ದಾಟಿತ್ತು. ಬೇರೆ ನಾಯಕಿಯರು ಅಮ್ಮನ ಪಾತ್ರಕ್ಕೆ ಹೆದರುವ ವಯಸ್ಸಿನಲ್ಲಿ ಈಕೆಯ ಒಳ್ಳೆಯ ಕಾಲ ಶುರುವಾಯಿತು.

1936ರಲ್ಲಿ ನಿರ್ದೇಶಕ ಫ್ರಾಂಕ್ ಕಾಪ್ರಾ ಅವರ 'ಮಿಸ್ಟರ್ ಡೀಡ್ಸ್ ಗೋಸ್ ಟು ಟೌನ್'. ಗ್ಯಾರಿ ಕೂಪರ್ ಮಾಡಿದ ಡೀಡ್ಸ್ ಒಬ್ಬ ಹಳ್ಳಿಯವನು. ಅವನಿಗೆ ಇದ್ದಕ್ಕಿದ್ದಂತೆ 2 ಕೋಟಿ ಡಾಲರ್ ಆಸ್ತಿ ಬರುತ್ತದೆ. ಜೀನ್ ಆರ್ಥರ್ ಪತ್ರಕರ್ತೆ. ಬಡ ಹುಡುಗಿಯ ವೇಷ ಹಾಕಿ ಅವನ ಸ್ನೇಹ ಸಂಪಾದಿಸಿ, ಮಾರನೆಯ ದಿನ ಪೇಪರಿನಲ್ಲಿ ಅವನನ್ನು ಗೇಲಿ ಮಾಡಿ ಬರೆಯುವುದು ಅವಳ ಕೆಲಸ. ಒಂದು ರಾತ್ರಿ ಅವನು ತಾನು ಬರೆದ ಪದ್ಯ ಕೊಟ್ಟು ಓದಲು ಹೇಳುತ್ತಾನೆ. ಪದ್ಯ ಅವಳ ಮೇಲೆಯೇ. ಅವಳು ಗಟ್ಟಿಯಾಗಿ ಓದತೊಡಗುತ್ತಾಳೆ. ಸಾಲು ಸಾಲಿಗೂ ದನಿ ಭಾರವಾಗುತ್ತದೆ, ಕೊನೆಗೆ ನಡುಗುತ್ತದೆ. ತಾನು ಮಾಡುತ್ತಿರುವ ಮೋಸ ಆ ಹೊತ್ತಿನಲ್ಲಿ ಅವಳ ಗಂಟಲಿಗೆ ಸಿಕ್ಕಿಕೊಂಡಿದೆ. ಡೀಡ್ಸ್‌ಗೆ ಅದು ಪ್ರೀತಿ ಎಂದಷ್ಟೇ ಕೇಳಿಸುತ್ತದೆ. ಖುಷಿಯಲ್ಲಿ ಕಸದ ಡಬ್ಬಿಗಳಿಗೆ ಎಡವಿ ಬೀಳುತ್ತಾ ಓಡುತ್ತಾನೆ. ನಾವು ನಗುತ್ತೇವೆ, ಅವಳ ಸಂಕಟವೂ ಜೊತೆಗೇ ಇರುತ್ತದೆ.

1939ರ 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' ಬಗ್ಗೆ ಒಂದೇ ಮಾತು. ಜೇಮ್ಸ್ ಸ್ಟೂವರ್ಟ್ ತನ್ನ ಊರಿನ ಬಯಲು, ಗಾಳಿ, ಹುಲ್ಲು ಎಂದು ಹೇಳುತ್ತಾ ಹೋಗುವಾಗ, ರಾಜಕೀಯದ ಹೊಲಸೆಲ್ಲ ಕಂಡು ಬೇಸತ್ತ ಕಾರ್ಯದರ್ಶಿ ಸಾಂಡರ್ಸ್ ಅವನ ಮಾತು ಕೇಳುತ್ತಾ ಕೂರುತ್ತಾಳೆ. ಆ ಕೇಳುವ ಮುಖ ನೋಡಿ. ರೂಪ ಅಷ್ಟಕ್ಕಷ್ಟೇ ಎಂದಿರಲ್ಲ, ಅಲ್ಲಿ ನಿಮ್ಮ ಅಭಿಪ್ರಾಯ ಬದಲಾಗುತ್ತದೆ ಎಂದು ನನ್ನ ನಂಬಿಕೆ.

ಹೆಪ್ಬರ್ನ್, ಕೋಲ್ಬೇರ್ ಇಬ್ಬರನ್ನೂ ನಾನು ಗೌರವಿಸುತ್ತೇನೆ. 'ಬ್ರಿಂಗಿಂಗ್ ಅಪ್ ಬೇಬಿ' ಚಿತ್ರದ ಹೆಪ್ಬರ್ನ್ ಬಿರುಗಾಳಿ. ಆದರೆ ಆ ಕಾಲದ ಕಾಮಿಡಿಗಳಲ್ಲಿ ನಾಯಕಿ ಬಹಳ ಸಲ ಸಿರಿವಂತರ ಮಗಳು. ಅವಳ ಹುಚ್ಚಾಟಕ್ಕೆ ಅಪ್ಪನ ದುಡ್ಡಿದೆ. ಜೀನ್ ಆರ್ಥರ್ ಹುಡುಗಿಯರಿಗೆ ಮುಂದಿನ ವಾರದ ಬಾಡಿಗೆಯ ಚಿಂತೆ. ಆರ್ಥಿಕ ಮಹಾಕುಸಿತ ಅಮೆರಿಕದಲ್ಲಿ ಲಕ್ಷಾಂತರ ಜನರ ಕೆಲಸ ಕಿತ್ತುಕೊಂಡ ಕಾಲ ಅದು. ಪ್ರೀತಿ ಮಾಡುವಾಗಲೂ ಅವಳ ತಲೆಯ ಮೂಲೆಯಲ್ಲಿ ಸಂಬಳದ ಲೆಕ್ಕ ಓಡುತ್ತಿರುತ್ತದೆ. ಅದಕ್ಕೇ ಆ ನಗು ನನಗೆ ಇನ್ನೂ ಹತ್ತಿರ.

ಹೆಸರು ಯಾಕೆ ಉಳಿಯಲಿಲ್ಲ? ಒಂದು, ಆಕೆಗೆ ಪ್ರಚಾರ ಎಂದರೆ ಆಗದು. ಸಂದರ್ಶನ ಕೊಡುತ್ತಿದ್ದದ್ದೇ ಅಪರೂಪ. ಕ್ಯಾಮೆರಾ ಎದುರು ಬರುವ ಮುಂಚೆ ಭಯದಿಂದ ವಾಂತಿ ಮಾಡಿಕೊಳ್ಳುತ್ತಿದ್ದರು ಎಂದು ಕಾಪ್ರಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ತಮ್ಮ ಅಚ್ಚುಮೆಚ್ಚಿನ ನಟಿ ಎಂದು ಅವರು ಕರೆದದ್ದೂ ಈಕೆಯನ್ನೇ. ಕೊಲಂಬಿಯಾದ ಮುಖ್ಯಸ್ಥ ಹ್ಯಾರಿ ಕೋನ್ ಜೊತೆ ವರ್ಷಗಟ್ಟಲೆ ಜಟಾಪಟಿ. ಒಪ್ಪದ ಪಾತ್ರ ಮಾಡುವುದಿಲ್ಲ ಎಂದು ಕೂತುಬಿಡುತ್ತಿದ್ದರು. 1944ರಲ್ಲಿ ಒಪ್ಪಂದ ಮುಗಿದ ಮೇಲೆ ಮಾಡಿದ್ದು ಎರಡೇ ಚಿತ್ರ: 1948ರಲ್ಲಿ ಬಿಲ್ಲಿ ವೈಲ್ಡರ್ ಅವರ 'ಎ ಫಾರಿನ್ ಅಫೇರ್', 1953ರಲ್ಲಿ 'ಶೇನ್'. ನಡುವೆ 1950ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಪೀಟರ್ ಪ್ಯಾನ್ ಆದರು, ಐವತ್ತರ ಹೊಸ್ತಿಲಲ್ಲಿ ಹುಡುಗನ ಪಾತ್ರ! ಗಾರ್ಸನ್ ಕೇನಿನ್ 'ಬಾರ್ನ್ ಯೆಸ್ಟರ್‌ಡೇ' ನಾಟಕ ಬರೆದದ್ದು ಈಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ನಾಟಕ ಬ್ರಾಡ್‌ವೇಗೆ ಬರುವ ಮೊದಲೇ ಆಕೆ ಬಿಟ್ಟರು. ಆ ಪಾತ್ರ ಜೂಡಿ ಹಾಲಿಡೇ ಅವರನ್ನು ತಾರೆ ಮಾಡಿತು. ಆಮೇಲೆ ಕೆಲ ಕಾಲ ವ್ಯಾಸರ್ ಕಾಲೇಜಿನಲ್ಲಿ ನಾಟಕ ಕಲಿಸಿದರು. 1991ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ತೀರಿಕೊಂಡರು.

ಇನ್ನೊಂದು ಕಾರಣವೂ ಇದೆ, ಅದು ನನಗೆ ಬೇಸರ ತರುತ್ತದೆ. ಆಕೆಯ ಹೆಸರಾಂತ ಎರಡು ಚಿತ್ರಗಳ ಶೀರ್ಷಿಕೆಯಲ್ಲೇ ಗಂಡಸಿನ ಹೆಸರು. 'ಮಿಸ್ಟರ್ ಸ್ಮಿತ್' ಟೈಟಲ್ ಕಾರ್ಡಿನಲ್ಲಿ ಮೊದಲು ಬರುವ ಹೆಸರು ಜೀನ್ ಆರ್ಥರ್, ಆಮೇಲೆ ಜೇಮ್ಸ್ ಸ್ಟೂವರ್ಟ್. ಈಗ ಆ ಚಿತ್ರದ ಬಗ್ಗೆ ಬರೆಯುವವರಲ್ಲಿ ಎಷ್ಟು ಜನ ಆಕೆಯನ್ನು ನೆನೆಯುತ್ತಾರೆ? ಹಾಗಾಗಿ ನಿಮ್ಮಂಥವರು ಕೇಳಿದಾಗ ಇಷ್ಟುದ್ದ ಬರೆಯದೆ ಇರಲಾರೆ.

ಇನ್ನು, ಮುಂದೆ ಯಾವುದು ನೋಡಬೇಕು? 1937ರ 'ಈಸಿ ಲಿವಿಂಗ್' ನೋಡಿ. ಪ್ರೆಸ್ಟನ್ ಸ್ಟರ್ಜಸ್ ಚಿತ್ರಕಥೆ, ಮಿಚೆಲ್ ಲೈಸನ್ ನಿರ್ದೇಶನ. ಶ್ರೀಮಂತ ಬ್ಯಾಂಕರ್ ಒಬ್ಬ ಹೆಂಡತಿಯ ಮೇಲಿನ ಸಿಟ್ಟಿಗೆ 58,000 ಡಾಲರ್‌ನ ತುಪ್ಪಳದ ಕೋಟನ್ನು ಮಹಡಿಯಿಂದ ಎಸೆಯುತ್ತಾನೆ. ಅದು ಡಬಲ್ ಡೆಕ್ಕರ್ ಬಸ್ಸಿನ ಮೇಲೆ ಕೂತಿದ್ದ ಮೇರಿ ಸ್ಮಿತ್ ತಲೆಗೆ ಬಂದು ಬೀಳುತ್ತದೆ. ಏನಿದು ಎಂದು ಸಿಟ್ಟಾಗಿ ತಿರುಗಿದರೆ, ಹಿಂದಿನ ಸೀಟಿನಲ್ಲಿ ಪೇಟ ಸುತ್ತಿದ ಮನುಷ್ಯನೊಬ್ಬ "ಕಿಸ್ಮತ್" ಎನ್ನುತ್ತಾನೆ. ಆ ಕೋಟು ಹಾಕಿಕೊಂಡು ಆಫೀಸಿಗೆ ಹೋದದ್ದಕ್ಕೆ ಅವಳ ಕೆಲಸ ಹೋಗುತ್ತದೆ. ಎಲ್ಲಿಂದ ಬಂತು ಇಷ್ಟು ಬೆಲೆಯ ಕೋಟು ಎಂಬ ಅನುಮಾನ! ಅದೇ ಕೋಟು ನೋಡಿ ಹೋಟೆಲಿನವನು ಅವಳಿಗೆ ಅರಮನೆಯಂಥ ಕೋಣೆ ಕೊಡುತ್ತಾನೆ. ಕೋಣೆ ಇದೆ, ಊಟಕ್ಕೆ ಕಾಸಿಲ್ಲ.

ಆಗ ಅವಳು ಹೋಗುವುದು ಆಟೋಮ್ಯಾಟ್‌ಗೆ. ನ್ಯೂಯಾರ್ಕಿನಲ್ಲಿ ಆಗ ಇಂಥ ಅಗ್ಗದ ಹೋಟೆಲುಗಳಿದ್ದವು. ಗೋಡೆ ತುಂಬ ಗಾಜಿನ ಪುಟ್ಟ ಬಾಗಿಲುಗಳು. ತೂತಿನಲ್ಲಿ ನಾಣ್ಯ ಹಾಕಿದರೆ ಬಾಗಿಲು ತೆರೆಯುತ್ತದೆ, ಒಳಗಿನ ತಿಂಡಿ ತೆಗೆದುಕೊಳ್ಳಬಹುದು. ಒಂದು ಗಲಾಟೆಯಲ್ಲಿ ಎಲ್ಲ ಬಾಗಿಲೂ ಒಟ್ಟಿಗೆ ತೆರೆದುಕೊಂಡರೆ ಏನಾಗುತ್ತದೆ? ಅದನ್ನು ನಾನು ಹೇಳುವುದಿಲ್ಲ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಸಬ್‌ಟೈಟಲ್ ಹಾಕಿಕೊಳ್ಳಿ, ಮಾತು ಬಹಳ ವೇಗ.

ಅದು ಹಿಡಿಸಿದರೆ ಮುಂದಕ್ಕೆ 'ಎ ಫಾರಿನ್ ಅಫೇರ್'. ಮೊದಲು ಅದನ್ನು ನೋಡಬೇಡಿ. ಯುದ್ಧದಲ್ಲಿ ಹಾಳುಬಿದ್ದ ಬರ್ಲಿನ್, ಎದುರಿಗೆ ಮರ್ಲೀನ್ ಡೀಟ್ರಿಕ್, ಕಥೆ ಸ್ವಲ್ಪ ಕಟು. ಆದರೆ ಬಿಗಿಯಾದ ಜಡೆಯ ಸಂಸದೆ ಫೀಬಿ ಫ್ರಾಸ್ಟ್, ಹತ್ತಿರ ಬರುತ್ತಿರುವ ಕ್ಯಾಪ್ಟನ್‌ನನ್ನು ತಡೆಯಲು ಫೈಲ್ ಕಪಾಟಿನ ಡ್ರಾಯರ್‌ಗಳನ್ನು ಒಂದಾದ ಮೇಲೊಂದು ಎಳೆದು ಅಡ್ಡ ಹಾಕುವ ದೃಶ್ಯ ಅದರಲ್ಲಿದೆ. ಹೆದರಿಕೆಯಲ್ಲಿ ಶಾಲೆಯ ಪದ್ಯ ಒಪ್ಪಿಸತೊಡಗುತ್ತಾಳೆ. ನೀವು ಮೇಡಂ ಆಗಿ ಪದ್ಯ ಒಪ್ಪಿಸಿಕೊಂಡವರು, ನಿಮಗೆ ಅದು ಇಷ್ಟವಾಗಲೇಬೇಕು.

ಎರಡನ್ನೂ ನೋಡಿದ ಮೇಲೆ ಮತ್ತೆ ಬರೆಯಿರಿ. ದನಿಯ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾಗದಿದ್ದರೂ ಬರೆಯಿರಿ, ಪ್ರಕಟಿಸುತ್ತೇನೆ.

— ಸಂಪಾದಕ