ಹದ್ದಿನ ಹತ್ತಿರ ನಿಲ್ಲಿಸಬೇಡಿ

ನಮಸ್ಕಾರ.

ನೀವು ಕಳಿಸಿದ ‘ಆಹಾರ ಸರಪಳಿ’ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಭಾಷೆ ಸಲೀಸಾಗಿದೆ, ತಕರಾರು ಅದರದ್ದಲ್ಲ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂದು ಸಾಲಾಗಿ ನಿಲ್ಲಿಸಿ, ಹದ್ದನ್ನು ‘ಸರಪಳಿಯ ಒಡೆಯ’ ಎಂದು ಹೊಗಳಿ ಮುಗಿಸಿದ್ದೀರಿ. ಇಷ್ಟು ಶಾಲೆಯ ಪುಸ್ತಕದಲ್ಲೇ ಇದೆ, ಅಲ್ವಾ?

ಚಿತ್ರದ ಬಾಣಗಳು ಉಲ್ಟಾ ಆಗಿವೆ. ಅವು ತೋರಿಸಬೇಕಾದ್ದು ಶಕ್ತಿ ಹರಿಯುವ ದಿಕ್ಕನ್ನು: ಮಿಡತೆಯಿಂದ ಕಪ್ಪೆಗೆ.

‘ಮುಂದಿನ ಹಂತಕ್ಕೆ ಶೇ. 10ರಷ್ಟು ಶಕ್ತಿ ಮಾತ್ರ ದಾಟುತ್ತದೆ’ ಎಂದು ಬರೆದು ಸುಮ್ನೆ ಬಿಟ್ಟಿದ್ದೀರಿ. ಉಳಿದದ್ದು ಎಲ್ಲಿ ಹೋಯಿತು? ಮಿಡತೆ ಕುಪ್ಪಳಿಸಿತು, ಉಸಿರಾಡಿತು, ಅಷ್ಟು ಶಾಖವಾಗಿ ಹೋಯಿತು. ಅರಗದ್ದು ಹಿಕ್ಕೆಯಾಗಿ ಬಿತ್ತು. ಹುಲ್ಲಿನಲ್ಲಿ 10,000 ಕ್ಯಾಲೊರಿ ಇದ್ದರೆ, ಈ ಲೆಕ್ಕದಲ್ಲಿ ಹದ್ದಿಗೆ ಸಿಗುವುದು ಒಂದೇ ಒಂದು. ಹದ್ದುಗಳು ಕಡಿಮೆ ಇರಲು, ಸರಪಳಿ ನಾಲ್ಕೈದು ಕೊಂಡಿಗೆ ಮುಗಿಯಲು ಇದೊಂದು ದೊಡ್ಡ ಕಾರಣ. ಹತ್ತು ಅನ್ನುವುದು ಸರಾಸರಿ ಅಂದಾಜು ಅಷ್ಟೇ ಎಂದೂ ಸೇರಿಸಿ.

ಇನ್ನು ನನ್ನ ದೊಡ್ಡ ತಕರಾರು. ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಕೊನೆಯಲ್ಲಿ ಒಂದೇ ಸಾಲು: ‘ಇವು ಸತ್ತದ್ದನ್ನು ಶುಚಿ ಮಾಡುತ್ತವೆ.’ ಬರೀ ಕಸ ಗುಡಿಸುವ ಕೆಲಸ ಅಲ್ಲ ರೀ ಅದು. ಕಾಡಿನ ಎಲೆಗಳಲ್ಲಿ ಜಾಸ್ತಿ ಪಾಲನ್ನು ಹಸಿರಿದ್ದಾಗ ಯಾರೂ ತಿನ್ನುವುದೇ ಇಲ್ಲ. ಅವು ಉದುರಿ ನೆಲ ಸೇರುತ್ತವೆ. ಒದ್ದೆ ತರಗೆಲೆಯೊಂದನ್ನು ಮಗುಚಿ ನೋಡಿ. ಬಿಳಿ ನೂಲಿನಂತೆ ಶಿಲೀಂಧ್ರ ಹಬ್ಬಿರುತ್ತದೆ. ಕೆಲವು ಕಡೆ ಮೆದುಭಾಗ ಹೋಗಿ ನರಗಳಷ್ಟೇ ಉಳಿದಿರುತ್ತವೆ. ಎರೆಹುಳು, ಸಹಸ್ರಪದಿಗಳು ಎಲೆಯನ್ನು ಚೂರು ಮಾಡುತ್ತವೆ. ಶಿಲೀಂಧ್ರ, ಬ್ಯಾಕ್ಟೀರಿಯಾ ಅದನ್ನು ಕರಗಿಸಿ ಸಾರಜನಕ, ರಂಜಕವನ್ನು ಮಣ್ಣಿಗೆ ಬಿಡುತ್ತವೆ. ಬೇರು ಹೀರುವುದು ಅದನ್ನೇ. ಎರೆಹುಳುವನ್ನು ಹಕ್ಕಿ ಹೆಕ್ಕಿದರೆ ಅಲ್ಲಿಂದ ಇನ್ನೊಂದು ಸರಪಳಿ ಶುರು.

‘ಶಕ್ತಿ ಮರುಬಳಕೆಯಾಗುತ್ತದೆ’ ಎಂಬ ವಾಕ್ಯ ತೆಗೆಯಿರಿ. ಸುತ್ತಿ ಸುತ್ತಿ ಬರುವುದು ಪೋಷಕಾಂಶ. ಶಾಖವಾಗಿ ಹೋದ ಶಕ್ತಿ ಹೋಯಿತು, ಗಿಡ ಬಿಸಿಲಿನಿಂದ ಮತ್ತೆ ಹೊಸದಾಗಿ ಹಿಡಿಯಬೇಕು.

ಬೇಟೆಗಾರ ಪ್ರಾಣಿಗಳ ಪಾತ್ರ ಹೇಳಲೇಬೇಕೆಂದರೆ ಹೊಗಳಿಕೆ ಬೇಡ, ಘಟನೆ ಕೊಡಿ. 1960ರ ದಶಕದಲ್ಲಿ ರಾಬರ್ಟ್ ಪೇನ್ ಎಂಬ ವಿಜ್ಞಾನಿ ಅಮೆರಿಕದ ಪಶ್ಚಿಮ ಕರಾವಳಿಯ ಬಂಡೆಗಳಿಂದ ನಕ್ಷತ್ರಮೀನುಗಳನ್ನು ಕಿತ್ತು ತೆಗೆದರು. ಅವುಗಳ ಬಾಯಿಗೆ ಬೀಳುತ್ತಿದ್ದ ಮಸಲ್ ಎಂಬ ಚಿಪ್ಪುಜೀವಿಗಳು ಬಂಡೆಯನ್ನೆಲ್ಲ ಆವರಿಸಿ, ಬೇರೆ ಜೀವಿಗಳಿಗೆ ಜಾಗವೇ ಇಲ್ಲದಂತೆ ಮಾಡಿದವು.

ತರಗೆಲೆಯಿಂದ ಶುರು ಮಾಡಿ ಇನ್ನೊಮ್ಮೆ ಬರೆಯಿರಿ. 600 ಪದ ಸಾಕು.