ಆ ಆಣೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ

ಉಡುಪಿ ಕಡೆಯ ಓದುಗಿಯೊಬ್ಬರ ಪತ್ರ ಓದಿ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ.

ವಿಷಯ ಇಷ್ಟು. ಕಥೋಲಿಕ ಮನೆ. ಅತ್ತೆ, ಭಾವ, ಗಂಡ, ಇವರು, ಒಟ್ಟು ನಾಲ್ಕು ಓಟು. ವಿಧಾನಸಭೆಗೆ ನಿಂತವರಲ್ಲಿ ಒಬ್ಬರು ಕ್ರೈಸ್ತರು, ‘ನಮ್ಮವರು’. ಆದರೆ ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡಿ ಮಾರುವುದೇ ಅವರ ಕಸುಬು. ಮಳೆಗಾಲದಲ್ಲಿ ಇವರ ಅಂಗಳಕ್ಕೆ ನೀರು ನುಗ್ಗುವುದು ಅದರಿಂದಲೇ. ಇನ್ನೊಬ್ಬರು ಹಿಂದೂ ಮಹಿಳೆ. ಮಾವನಿಗೆ ಡಯಾಲಿಸಿಸ್ ನಡೆಯುತ್ತಿದ್ದ ಕಾಲಕ್ಕೆ ಸರ್ಕಾರಿ ಆಸ್ಪತ್ರೆಯ ಯಂತ್ರ ಕೆಟ್ಟಾಗ, ಸಂಜೆವರೆಗೂ ಅಲ್ಲೇ ಕೂತು ರಿಪೇರಿ ಮಾಡಿಸಿದವರು. ಆದರೆ 2022ರ ಮತಾಂತರ ನಿಷೇಧ ಕಾಯ್ದೆ ತಂದದ್ದು ಅವರ ಪಕ್ಷ. ‘ಕ್ರೈಸ್ತಳಾಗಿ ನಾನು ಯಾರಿಗೆ ಹಾಕಬೇಕು?’ ಎಂದು ಕೇಳಿದ್ದಾರೆ.

ನಾಲ್ಕು ಪುಟದ ಪತ್ರದ ನಡುವೆ ಒಂದೇ ಒಂದು ಸಾಲು ಹೀಗಿದೆ: ‘ಮೊನ್ನೆ ತೇರ್ಸ್ (ಮನೆಯ ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಭಾವ ಎಲ್ಲರ ಕೈ ಬೈಬಲ್ ಮೇಲೆ ಇಡಿಸಿ ನಮ್ಮವರಿಗೇ ಹಾಕುತ್ತೇವೆ ಎಂದು ಆಣೆ ಮಾಡಿಸಿದರು, ತಪ್ಪಿದರೆ ಮಗುವಿಗೆ ತಟ್ಟುತ್ತದೆ ಎಂದರು, ಅದಿರಲಿ.’

ಅದನ್ನು ಹೇಗಮ್ಮ ಇರಲಿ ಎಂದು ಬಿಡುವುದು? ನಿಮ್ಮ ನಿದ್ದೆ ಕೆಡಿಸಿರುವುದು ಅಭ್ಯರ್ಥಿಗಳಲ್ಲ, ಆ ಆಣೆ.

ಕೈ ಇಟ್ಟಿರಲ್ಲ, ಅದೇ ಪುಸ್ತಕ ತೆಗೆಯಿರಿ. ಮತ್ತಾಯನ ಶುಭಸಂದೇಶ, ಐದನೇ ಅಧ್ಯಾಯ. ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ, ಅದಕ್ಕಿಂತ ಹೆಚ್ಚಿನದು ಕೆಡುಕಿನಿಂದ ಬಂದದ್ದು ಎಂದು ಯೇಸು ಹೇಳಿದ್ದು ಅಲ್ಲೇ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನಿನ 1200ನೇ ನಿಯಮವೂ ಬೆದರಿಸಿ ಮಾಡಿಸಿಕೊಂಡ ಆಣೆ ಅಸಿಂಧು ಎನ್ನುತ್ತದೆ. ದೇಶದ ಕಾನೂನು ಕೇಳುತ್ತೀರಾ? ಹೀಗೆ ಹಾಕದಿದ್ದರೆ ನಿನಗೋ ನಿನ್ನವರಿಗೋ ದೈವಕೋಪ ತಟ್ಟೀತು ಎಂದು ಮತದಾರರನ್ನು ನಂಬಿಸುವುದು ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಂ ಪ್ರಕಾರ ಅಪರಾಧ. ಠಾಣೆಗೆ ಹೋಗಿ ಅನ್ನುತ್ತಿಲ್ಲ. ಮಗುವಿಗೆ ಏನೂ ಆಗುವುದಿಲ್ಲ, ಮೊದಲು ಆ ಭಯ ಬಿಡಿ.

ಭಾವನ ಬಗ್ಗೆ ನನಗೆ ಪೂರ್ತಿ ಕೋಪವಿಲ್ಲ. ಚರ್ಚಿನ ವಾಡೆಯ (ವಾರ್ಡಿನ) ಗುರ್ಕಾರ, ಅಂದರೆ ಮುಖಂಡ, ಅಂತೆ, 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಬಳಿಯ, ಕ್ರೈಸ್ತ ಸನ್ಯಾಸಿನಿಯರ ಆರಾಧನಾ ಮಠಕ್ಕೆ ನುಗ್ಗಿ ಹಾಳುಗೆಡವಿದ್ದನ್ನು ಕಣ್ಣಾರೆ ಕಂಡವರಂತೆ. ಆ ಹೆದರಿಕೆ ಸುಳ್ಳಲ್ಲ. ಆದರೆ ಎಲ್ಲರೂ ‘ನಮ್ಮವರಿಗೇ’ ಎಂದು ಹೊರಟಿದ್ದರೆ ಉಡುಪಿಯಿಂದ ಆಸ್ಕರ್ ಫರ್ನಾಂಡಿಸ್ 1980ರಿಂದ ಸಾಲಾಗಿ ಐದು ಸಲ ಲೋಕಸಭೆಗೆ ಹೋಗುತ್ತಿದ್ದರೇ? ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದ್ದ ಮಂಗಳೂರಿನ ಹುಡುಗ ಜಾರ್ಜ್ ಫರ್ನಾಂಡಿಸ್, 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆಲ್ಲುತ್ತಿದ್ದರೇ? ಅವರನ್ನು ಗೆಲ್ಲಿಸಿದ ಜನ ಯಾವ ಚರ್ಚಿಗೆ ಹೋಗುವವರು ಎಂದು ಭಾವನನ್ನೇ ಕೇಳಬೇಕು.

ನನ್ನ ನಿಜವಾದ ಸಿಟ್ಟು ನಿಮ್ಮ ಗಂಡನ ಮೇಲೆ. ಅಣ್ಣ ನಿಮ್ಮ ಮಗುವಿನ ಹೆಸರು ಎತ್ತಿ ಹೆದರಿಸುತ್ತಿದ್ದರೆ ‘ಇವರು ಏನೂ ಹೇಳಲಿಲ್ಲ, ಮೊಬೈಲ್ ನೋಡುತ್ತಿದ್ದರು’ ಎಂದು ನೀವೇ ಬರೆದಿದ್ದೀರಿ, ಜೊತೆಗೆ ‘ಪಾಪ, ಅವರಿಗೆ ಜಗಳ ಆಗಿಬರುವುದಿಲ್ಲ’ ಎಂದೂ. ಪಾಪ ಏನು ಬಂತು? ಜಗಳ ಯಾರಿಗೂ ಆಗಿಬರುವುದಿಲ್ಲ. ಒಂದು ಮನೆಯಲ್ಲಿ ನಾಲ್ಕು ಓಟು ಎಂದರೆ ನಾಲ್ಕು ತಲೆ, ಒಂದು ತಲೆಗೆ ನಾಲ್ಕು ಬೆರಳಲ್ಲ. ಈ ಮಾತನ್ನು ಇಲ್ಲಿ ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ.

ಇನ್ನು ನಿಮ್ಮ ಪ್ರಶ್ನೆ. ವಿಶ್ವಾಸವನ್ನು ಮನೆಯಲ್ಲಿಟ್ಟು ಮತಗಟ್ಟೆಗೆ ಹೋಗಿ ಎಂದು ನಾನು ಹೇಳುವವಳಲ್ಲ. ಒಯ್ಯಿರಿ, ಪೂರ್ತಿ ಒಯ್ಯಿರಿ. ಕ್ರೈಸ್ತರು ಒಂದೇ ವಿಷಯದಲ್ಲಿ ಬೇರೆ ಬೇರೆ ರಾಜಕೀಯ ನಿಲುವು ತಳೆಯಬಹುದು, ಧರ್ಮಸಭೆ ಯಾವ ರಾಜಕೀಯ ವ್ಯವಸ್ಥೆಗೂ ಅಂಟಿಕೊಂಡದ್ದಲ್ಲ ಎಂದು ಲೋಕದ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ನಿಮ್ಮ ಫಾದರ್ ಕೂಡ ಪ್ರವಚನದಲ್ಲಿ ‘ಪ್ರಾರ್ಥಿಸಿ, ತಪ್ಪದೆ ಓಟು ಹಾಕಿ’ ಎಂದಷ್ಟೇ ಹೇಳಿದರಂತೆ, ಅವರಿಗೆ ನನ್ನ ನಮಸ್ಕಾರ. ದಾರಿಯಲ್ಲಿ ಬಿದ್ದವನನ್ನು ಎತ್ತಿದ, ಪರಕೀಯನಾದ ಸಮಾರ್ಯನ ಬೈಬಲ್ ಕಥೆ ನಿಮಗೆ ಆ ಆಸ್ಪತ್ರೆಯ ಸಂಜೆಯನ್ನು ನೆನಪಿಸಿದರೆ ಅದೂ ವಿಶ್ವಾಸವೇ. ಕಾಯ್ದೆಯ ಭಯದಿಂದ ಆಕೆಗೆ ಹಾಕಲಾರೆ ಎನಿಸಿದರೆ ಅದೂ ವಿಶ್ವಾಸವೇ. ಆಕೆ ಓಟು ಕೇಳಲು ಬಂದಾಗ ಕಾಯ್ದೆಯ ಬಗ್ಗೆ ನೇರವಾಗಿ ಕೇಳಿ, ಸೈಟಿನವರು ಬಂದರೆ ಅಂಗಳದ ನೀರು ತೋರಿಸಿ. ತಡವರಿಸಿದರೆ ಅದೂ ಉತ್ತರವೇ. ತೂಗುವವರು ನೀವು, ನಾನಲ್ಲ.

ನಾನು ಹೇಳುವುದು ಒಂದೇ: ಯಾರಿಗೆ ಹಾಕಿದಿರಿ ಎಂದು ಯಾರಿಗೂ ಹೇಳಬೇಡಿ. ಭಾವನಿಗೆ, ಅತ್ತೆಗೆ, ಮುಖ್ಯವಾಗಿ ಗಂಡನಿಗೆ. ಹಾಕಿದ ಓಟನ್ನು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಾಣುತ್ತದೆ, ನಿಮಗೆ ಮಾತ್ರ. ಯಾರಿಗೆ ಓಟು ಹಾಕಿದೆ ಎಂದು ಹೇಳುವಂತೆ ಕೋರ್ಟಿನ ಕಟಕಟೆಯಲ್ಲೂ ಯಾರನ್ನೂ ಒತ್ತಾಯಿಸುವಂತಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ಅದು ಬರೆದಿದೆ. ಕೋರ್ಟಿಗೇ ಇಲ್ಲದ ಅಧಿಕಾರ ಗುರ್ಕಾರರಿಗಿಲ್ಲ. ಮನೆಯಲ್ಲಿ ಕೇಳಿದರೆ ‘ಹಾಕಿ ಬಂದೆ’ ಎನ್ನಿ. ಮತ್ತೆ ಕೇಳಿದರೂ ಅಷ್ಟೇ ಎನ್ನಿ.