ತೋಟದ ಶೆಡ್ಡಿನಲ್ಲಿ ನಿಂತ ಫಿಯಟ್: ಕೊಳ್ಳಬಹುದೇ?

ಪ್ರಶ್ನೆ: ಸಕಲೇಶಪುರದ ಬಳಿಯ ಕಾಫಿ ತೋಟವೊಂದರಲ್ಲಿ 1966ರ ಫಿಯಟ್ 1100 ಡಿಲೈಟ್ ಇದೆ. ತೋಟದ ಯಜಮಾನರು ತೀರಿಕೊಂಡ ಮೇಲೆ ವರ್ಷಗಳಿಂದ ಶೆಡ್ಡಿನಲ್ಲೇ ನಿಂತಿದೆ. ಬಣ್ಣ ಮಾಸಿದೆ, ಸೀಟು ಹರಿದಿದೆ, ಎಂಜಿನ್ ತಿರುಗದಂತೆ ಹಿಡಿದುಕೊಂಡಿದೆ. ಆದರೆ ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರ್ ಫಲಕ, ಆರ್‌ಸಿ ಪುಸ್ತಕ ಎರಡೂ ಇವೆ. ಅವರ ಮಗ ಒಂದೂಮುಕ್ಕಾಲು ಲಕ್ಷ ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿ ಅದೇ ಮಾದರಿಯ, ಹೊಸದಾಗಿ ಕೆಂಪು ಬಣ್ಣ ಹೊಡೆದ, ಓಡುವ ಕಾರು ನಾಲ್ಕೂವರೆ ಲಕ್ಷಕ್ಕೆ ಸಿಗುತ್ತಿದೆ. ಯಾವುದನ್ನು ಕೊಳ್ಳಲಿ?
– ಓದುಗರು, ಹಾಸನ

ಉತ್ತರ: ತೋಟದ ಕಾರನ್ನು ಮೊದಲು ನೋಡಿ. ಆದರೆ ಬಾನೆಟ್ ಎತ್ತುವ ಮುಂಚೆ ಕಾರಿನ ಅಡಿಗೆ ಟಾರ್ಚ್ ಹಿಡಿದು ಮಲಗಿ. ಈ ಕಾರಿನ ಹಣೆಬರಹ ಇರುವುದು ಎಂಜಿನ್ನಿನಲ್ಲಲ್ಲ, ತಗಡಿನಲ್ಲಿ.

ಅದೇ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು, ಇತ್ತು. ಫಿಯಟ್‌ಗೆ ಇಲ್ಲ. ಅದರ ಬಾಡಿಯೇ ಚಾಸಿ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಾಕಾರದ ತಗಡು ತುಕ್ಕು ಹಿಡಿದು ಟೊಳ್ಳಾಗಿದ್ದರೆ ಕಾರಿನ ನಡುವೇ ಮುರಿದಂತೆ. ಮಲೆನಾಡಿನ ಮಳೆಗಾಲದಲ್ಲಿ, ಅದರಲ್ಲೂ ಮಣ್ಣಿನ ನೆಲದ ಶೆಡ್ಡಿನಲ್ಲಿ, ತೇವ ಕೆಳಗಿನಿಂದ ಏರುತ್ತದೆ. ಸೂರು ಸೋರದಿದ್ದರೂ ಅಡಿಭಾಗ ಕರಗಿರಬಹುದು. ನಾಲ್ಕೂ ಬಾಗಿಲುಗಳನ್ನು ತೆರೆದು ಮುಚ್ಚಿ. ಬಾಗಿಲಿನ ಸುತ್ತಲ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿದ್ದರೆ ಒಳ್ಳೆಯ ಲಕ್ಷಣ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದರೆ ಬಾಡಿ ಕುಸಿದಿರಬಹುದು. ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ, ಮುಂದಿನ ಗಾಜಿನ ಬುಡ, ಬ್ಯಾಟರಿಯ ಕೆಳಭಾಗ, ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಗಣಗಣ ಎನ್ನುತ್ತದೆ. ತಿಂದು ಹೋದದ್ದು ಮಂಕಾಗಿ ಸದ್ದು ಮಾಡುತ್ತದೆ.

ಮೇಲ್ಮೈಯ ಕಂದು ಕಲೆಗಳನ್ನು ಕಂಡು ಹೆದರಬೇಡಿ. ಸ್ಪ್ರಿಂಗ್ ಕೂರುವ ಜಾಗವೇ ಪುಡಿಯಾಗಿದ್ದರೆ, ನಂಬರ್ ಫಲಕ ಎಷ್ಟೇ ಚೆಂದವಿದ್ದರೂ ಕೈಮುಗಿದು ಬಂದುಬಿಡಿ. ಟಿಂಕರಿಂಗ್ (ತಗಡು ರಿಪೇರಿ) ಕೂಲಿ ಮಿಕ್ಕೆಲ್ಲ ಬಾಬತ್ತುಗಳನ್ನು ನುಂಗುತ್ತದೆ, ಮತ್ತು ಆ ಕೆಲಸವನ್ನು ಸರಿಯಾಗಿ ಬಲ್ಲ ಕೈಗಳು ಈಗ ಕಡಿಮೆ.

ಎಂಜಿನ್ ಹಿಡಿದುಕೊಂಡಿರುವುದು ನಿಮಗೆ ಚೌಕಾಶಿಗೆ ಅನುಕೂಲ, ಅಷ್ಟೇ. ಈ 1089 ಸಿಸಿ ಎಂಜಿನ್ನೇ ಮುಂದೆ ಪ್ರೀಮಿಯರ್ ಪದ್ಮಿನಿಯಲ್ಲೂ ಮುಂದುವರಿದು, ಮುಂಬಯಿಯ ಟ್ಯಾಕ್ಸಿಗಳಲ್ಲಿ ದಶಕಗಳ ಕಾಲ ದುಡಿಯಿತು. ಹಾಗಾಗಿ ಅದನ್ನು ಬಲ್ಲ ಮೆಕ್ಯಾನಿಕ್‌ಗಳೂ ಬಿಡಿಭಾಗಗಳೂ ಇನ್ನೂ ಸಿಗುತ್ತವೆ. ಆದರೆ ಒಂದು ಮಾತು ಖಡಾಖಂಡಿತ: ಯಾರು ಹೇಳಿದರೂ ಕಾರನ್ನು ಹಗ್ಗ ಕಟ್ಟಿ ಎಳೆದು ಸ್ಟಾರ್ಟ್ ಮಾಡಿಸಬೇಡಿ. ತುಕ್ಕಿನಿಂದ ಸಿಲಿಂಡರ್ ಗೋಡೆಗೆ ಅಂಟಿದ ಪಿಸ್ಟನ್ ರಿಂಗ್ ಮುರಿದು ಆ ಗೋಡೆ ಗೀಚಿಹೋಗುತ್ತದೆ. ಪ್ಲಗ್‌ಗಳನ್ನು ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಸುರಿದು ಕೆಲವು ದಿನ ಬಿಡಬೇಕು. ಆಮೇಲೆ ಟಾಪ್ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದರೆ ಎಷ್ಟೋ ಎಂಜಿನ್‌ಗಳು ಬಿಟ್ಟುಕೊಡುತ್ತವೆ. ಬಿಡದಿದ್ದರೆ ಹೆಡ್ (ಎಂಜಿನ್ನಿನ ಮೇಲ್ಮುಚ್ಚಳ) ಬಿಚ್ಚಿ ಸಿಲಿಂಡರುಗಳನ್ನು ಬೋರ್ ಮಾಡಿಸಿದರಾಯಿತು, ಅಂದರೆ ಒಳಗೋಡೆಯನ್ನು ಕೊರೆದು ನಯಗೊಳಿಸಿದರಾಯಿತು.

ನಿಜಕ್ಕೂ ಸಿಗದಿರುವುದು ಚಿಕ್ಕ ಚಿಕ್ಕ ವಸ್ತುಗಳು. ಪದ್ಮಿನಿಯ ಬಾಗಿಲು ಡಿಲೈಟ್‌ಗೆ ಹೊಂದಬಹುದು, ಮುಂದಿನ ಗ್ರಿಲ್ ಬೇರೆ. ಗ್ರಿಲ್, ದೀಪದ ಗಾಜು, ಕ್ರೋಮ್ ಪಟ್ಟಿ, ಹೆಸರಿನ ಬಿಲ್ಲೆ, ಸ್ಪೀಡೋಮೀಟರ್, ಬಾಗಿಲ ಹಿಡಿ ಎಲ್ಲವೂ ಅವುಗಳ ಜಾಗದಲ್ಲಿ ಇವೆಯೇ ಎಂದು ಎಣಿಸಿ. ಇಲ್ಲದ್ದನ್ನು ಹುಡುಕುತ್ತಾ ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಯಿಂದ ಗುಜರಿಗಳವರೆಗೆ ವರ್ಷಗಟ್ಟಲೆ ಅಲೆಯಬೇಕಾದೀತು. ಶೆಡ್ಡಿನ ಮೂಲೆ, ಅಟ್ಟಗಳಲ್ಲೂ ಹುಡುಕಿಸಿ. ಬಿಚ್ಚಿಟ್ಟ ಭಾಗಗಳು ಅಲ್ಲೇ ಎಲ್ಲೋ ಬಿದ್ದಿರುತ್ತವೆ.

ಇನ್ನು ಕೆಂಪು ಕಾರು. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಅದರ ಮೈಮೇಲೆ ಜಾರಿಸಿ. ಅದು ಹಿಡಿಯದ ಕಡೆ ಬಣ್ಣದ ಕೆಳಗೆ ದಪ್ಪ ಪುಟ್ಟಿ ಇದೆ. ಬಣ್ಣ ಕೆರೆದು ಬರಿಯ ತಗಡಿಗೆ ತಂದಾಗಿನ ಫೋಟೋಗಳು, ರಸೀದಿಗಳು ಮಾಲೀಕರ ಬಳಿ ಇದ್ದರೆ ಅದು ಗೌರವಕ್ಕೆ ಅರ್ಹವಾದ ಕಾರು. ಇಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಬಣ್ಣವನ್ನು ಮಾತ್ರ.

ನನ್ನ ಅಭಿಪ್ರಾಯ ಇದು. ಈ ವರ್ಷವೇ ಮನೆಯವರನ್ನು ಕೂರಿಸಿಕೊಂಡು ಬೇಲೂರಿಗೆ ಹೋಗಿಬರಬೇಕು ಎಂದಾದರೆ, ಮತ್ತು ಕೆಂಪು ಕಾರು ಪರೀಕ್ಷೆಯಲ್ಲಿ ಗೆದ್ದರೆ, ಅದನ್ನೇ ಕೊಳ್ಳಿ. ತೋಟದ ಕಾರನ್ನು ಅದೇ ರೀತಿ ಹೊಳೆಯಿಸಲು ಹೊರಟರೆ ಟಿಂಕರಿಂಗ್, ಬಣ್ಣ, ಕ್ರೋಮ್, ಸೀಟು, ಎಂಜಿನ್ ಸೇರಿ ನಾಲ್ಕೂವರೆ ಲಕ್ಷವನ್ನು ಸುಲಭವಾಗಿ ದಾಟುತ್ತೀರಿ. ಹಾಕಿದ ಹಣ ಮಾರುವಾಗ ಹಿಂದಿರುಗುತ್ತದೆಂದು ನಂಬಬೇಡಿ. ತೋಟದ ಕಾರನ್ನು ಅದು ಇರುವಂತೆಯೇ ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾತ್ರ ತೆಗೆದುಕೊಳ್ಳಿ. ಬ್ರೇಕ್, ಟೈರ್, ವೈರಿಂಗ್, ಪೆಟ್ರೋಲ್ ಟ್ಯಾಂಕ್ ಎಲ್ಲವನ್ನೂ ಸುರಕ್ಷಿತ ಸ್ಥಿತಿಗೆ ತನ್ನಿ, ಬಣ್ಣವನ್ನು ತೊಳೆದು ಮೇಣ ಹಚ್ಚಿ ಹಾಗೆಯೇ ಬಿಡಿ. ಕಾರ್ಖಾನೆಯಲ್ಲಿ ಬಿದ್ದ ಬಣ್ಣವನ್ನು ಒಮ್ಮೆ ಕೆರೆದರೆ ಯಾವ ದುಡ್ಡಿಗೂ ಅದು ಮರಳಿ ಬಾರದು. ಅಂತಹ ಕಾರುಗಳು ನಮ್ಮಲ್ಲಿ ತೀರಾ ಕಡಿಮೆ ಉಳಿದಿವೆ. ಅದೊಂದು ಕಾರಣಕ್ಕೆ ನನ್ನ ಒಲವು ತೋಟದ ಕಡೆಗೇ.

ಮುಂಗಡ ಕೊಡುವ ಮೊದಲು ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿ ಪುಸ್ತಕದೊಂದಿಗೆ ಅಕ್ಷರ ಬಿಡದೆ ತಾಳೆ ನೋಡಿ. ಮಾಲೀಕರು ತೀರಿಕೊಂಡಿರುವುದರಿಂದ ಕಾರು ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ನಮೂನೆ 31, ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅಲ್ಲಿಂದ ನಿಮ್ಮ ಹೆಸರಿಗೆ ನಮೂನೆ 29 ಮತ್ತು 30. ಮಗನೊಬ್ಬರ ಸಹಿ ನಂಬಿ ಹಣ ಕೊಟ್ಟರೆ, ನಾಳೆ ಸಹೋದರಿಯೊಬ್ಬರು ತಕರಾರು ತೆಗೆದಾಗ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಪ್ರಶ್ನೆ: ಇಂತಹ ಕಾರಿಗೆ ‘ವಿಂಟೇಜ್’ ನೋಂದಣಿ ಮಾಡಿಸಿದರೆ ದಿನವೂ ಓಡಿಸಬಹುದೇ?

ಉತ್ತರ: ಇಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಬಾಡಿ, ಚಾಸಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗದ ಖಾಸಗಿ ವಾಹನಕ್ಕೆ ಈ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷ ಊರ್ಜಿತ. ಹೊಸ ಸಂಖ್ಯೆಗಳು ‘ವಿಎ’ ಸರಣಿಯಲ್ಲಿ ಬರುತ್ತವೆ, ಆದರೆ ಈಗಾಗಲೇ ನೋಂದಣಿಯಾಗಿರುವ ಕಾರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ತುಂಬಿಸುವುದು, ದುರಸ್ತಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬೇಕು. ಭಾನುವಾರ ಸ್ನೇಹಿತರ ಮನೆಗೆ ಹೋಗುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿ. ಐದು ವರ್ಷಕ್ಕೊಮ್ಮೆ ತಪಾಸಣೆ, ಜೊತೆಗೆ ಹಸಿರು ತೆರಿಗೆ ಇರುತ್ತದೆ.

ಪ್ರಶ್ನೆ: ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾರಿಗೆ ಹಾನಿಯೇ?

ಉತ್ತರ: ಸಿದ್ಧತೆಯಿಲ್ಲದೆ ಹಾಕಿದರೆ ಹಾನಿ. ಶೇಕಡ 20ರಷ್ಟು ಎಥನಾಲ್ ಇರುವ ಪೆಟ್ರೋಲ್ ಹಳೆಯ ರಬ್ಬರ್ ಪೈಪ್, ಪೆಟ್ರೋಲ್ ಪಂಪಿನ ಡಯಾಫ್ರಂಗಳನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನೂ ಹೀರಿಕೊಂಡು ಟ್ಯಾಂಕಿನಲ್ಲಿ ತುಕ್ಕು ಹಿಡಿಸುತ್ತದೆ. ಎಥನಾಲ್ ತಡೆಯುವ ಪೈಪುಗಳನ್ನು ಹಾಕಿಸಿ, ಕಾರ್ಬುರೇಟರಿನ ಮಿಶ್ರಣವನ್ನು ಮರುಹೊಂದಿಸಿ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿದೆ. ವಾಲ್ವ್ ಸೀಟುಗಳು ಸವೆಯದಂತೆ ಕಾಯುತ್ತಿದ್ದುದು ಆ ಸೀಸವೇ. ಆದ್ದರಿಂದ ಹೆಡ್ ಬಿಚ್ಚುವ ಸಂದರ್ಭ ಬಂದರೆ ಗಟ್ಟಿ ಲೋಹದ ವಾಲ್ವ್ ಸೀಟುಗಳನ್ನೂ ಹಾಕಿಸಿಕೊಳ್ಳಿ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ.